ಸಿಸ್ಟರಮ್ಮನ ಬಿಸ್ಕತ್ತು ಡಬ್ಬ

ನನ್ನ ಹೆಸರು ಉದ್ದ. ನಿಟ್ಟೂರು ಶಿವರಾಮಯ್ಯನವರ ಮಗ ಗಂಗಹನುಮಯ್ಯ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇದು ಒಂದು ಸಾಲಿಗೆ ಹಿಡಿಸುವುದಿಲ್ಲ. ರೇಷನ್ ಕಾರ್ಡಿನಲ್ಲಿ ಕೊನೆಯ 'ಯ್ಯ' ವಯಸ್ಸಿನ ಕಾಲಮ್ಮಿಗೆ ನುಗ್ಗಿ ಕೂತಿದೆ. ಇದರಿಂದ ಲೋಕಕ್ಕೆ ಯಾವ ನಷ್ಟವೂ ಆಗಿರಲಿಲ್ಲ. ಆದದ್ದು ಸಾವಿರದ ಒಂಬೈನೂರ ಎಂಬತ್ತೊಂದರ ಡಿಸೆಂಬರಿನಲ್ಲಿ, ಒಂದು ಡಬ್ಬದ ಮುಚ್ಚಳದ ಮೇಲೆ.

ಆಗ ನಾನು ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ಬೋಲ್ಟು ನಟ್ಟು ಮಾಡುವ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ ಗುಮಾಸ್ತ. ಮನೆ ತುಮಕೂರಿನ ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ಎಲ್ಲಕ್ಕೂ ಮಾಲೀಕರಾಗಿ ಸರ್ವಮಂಗಳಮ್ಮ. ಕೊನೆಯ ಮನೆಯಲ್ಲಿ ಕೃಪಾವತಿ ಸಿಸ್ಟರ್ ಇದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನನ್ನ ಮಗಳು ಗಂಗಾಂಬಿಕೆ ಹುಟ್ಟಿದ್ದು ಅವರ ಕೈಯಲ್ಲಿ. ಹುಟ್ಟಿದಾಗ ಮಗು ಉಸಿರಾಡಲಿಲ್ಲ. ಸಿಸ್ಟರ್ ಅದರ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಎರಡು ಬಿಟ್ಟ ಮೇಲೆ ಕೂಗಿದ್ದು; ಕೂಗಲು ಶುರುಮಾಡಿದ್ದು ಇನ್ನೂ ನಿಲ್ಲಿಸಿಲ್ಲ. ಹೀಗಾಗಿ ಸಿಸ್ಟರ್ ನಮಗೆ ನೆಂಟರಿಗಿಂತ ಹೆಚ್ಚು. ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. 'ಗಂಗೂ ಅಪ್ಪ' ಎನ್ನುತ್ತಿದ್ದರು. ನನ್ನ ಹೆಸರಿನ ಭಾರವನ್ನು ಇಳಿಸಿಕೊಟ್ಟವರು ಅವರೊಬ್ಬರೇ.

ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಒಂದು ಡಬ್ಬ ತುಂಬ ಬಿಸ್ಕತ್ತು ಬರುತ್ತಿತ್ತು. ಅದು ಅಂತಿಂಥ ಡಬ್ಬವಲ್ಲ. ಸಿಸ್ಟರಿಗೆ ಕೆಲಸ ಕಲಿಸಿದ ದೊರೆಸಾನಿ ಡಾಕ್ಟರಮ್ಮ ತಮ್ಮ ದೇಶಕ್ಕೆ ವಾಪಸ್ಸು ಹೋಗುವಾಗ ಕೊಟ್ಟಿದ್ದಂತೆ. ಮುಚ್ಚಳದ ಮೇಲೆ ಹಿಮ ಮುಚ್ಚಿದ ಒಂದು ಪುಟ್ಟ ಮನೆ, ಅದರ ಕಿಟಕಿಯಲ್ಲಿ ಹಳದಿ ಬೆಳಕು. "ಆ ಮನೆ ಒಳಗೆ ಯಾರಿದಾರೆ ಸಿಸ್ಟರಮ್ಮ?" ಎಂದು ಮಗಳು ಪ್ರತಿ ವರ್ಷ ಕೇಳುವುದು, "ನಾನೇ ಕಣೇ, ಬಿಸ್ಕತ್ತು ಬೇಯಿಸ್ತಾ ಇದೀನಿ" ಎಂದು ಅವರು ಪ್ರತಿ ವರ್ಷ ಹೇಳುವುದು.

ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಕು. ಆದ್ದರಿಂದ ಡಬ್ಬ ಕ್ರಿಸ್‌ಮಸ್ಸಿನಿಂದ ಸಂಕ್ರಾಂತಿಯವರೆಗೆ ನಮ್ಮ ಅಟ್ಟದ ಮೇಲಿದ್ದು, ಎಳ್ಳುಬೆಲ್ಲ ತುಂಬಿಕೊಂಡು ಸಿಸ್ಟರ ಮನೆಗೆ ಮರಳುತ್ತಿತ್ತು. ಏಳು ವರ್ಷ ಈ ಸಾರಿಗೆ ವ್ಯವಸ್ಥೆ ಸುಸೂತ್ರವಾಗಿ ನಡೆಯಿತು.

ಆ ವರ್ಷ ಡಬ್ಬ ಹತ್ತೊಂಬತ್ತನೇ ತಾರೀಖೇ ಬಂತು.

"ಈ ಸಲ ಬೇಗ ಮಾಡ್ಬಿಟ್ಟೆ ಗಂಗೂ ಅಪ್ಪ," ಎಂದರು ಸಿಸ್ಟರ್. "ಹಬ್ಬದ ಮಾರನೇ ದಿನ ಕುಣಿಗಲ್‌ಗೆ ಹೋಗ್ತಾ ಇದೀನಿ. ತಂಗಿ ಮಗಳ ಮನೆ. ಇನ್ನು ಅಲ್ಲೇ ಇರೋದು. ಡಬ್ಬ ಮಾತ್ರ ಅಷ್ಟರೊಳಗೆ ಕೊಟ್ಬಿಡಿ. ಬೇರೆ ಏನ್ ಬಿಟ್ಟೋದ್ರೂ ಪರವಾಗಿಲ್ಲ, ಅದೊಂದು ನನ್ ಜೊತೆ ಬರ್ಬೇಕು."

ನಿಟ್ಟೂರಿನಿಂದ ಬಂದು ನಮ್ಮಲ್ಲೇ ಇದ್ದ ನನ್ನ ತಾಯಿ ಸಿದ್ದಲಕ್ಷ್ಮಮ್ಮ ಬೆರಳು ಮಡಚಿ ದಿನ ಎಣಿಸಿದರು. "ಆರು ದಿನಕ್ಕೆ ಎಳ್ಳು ಬೆಲ್ಲ ಎಲ್ಲಿ ಆಯ್ತದೆ? ಚಕ್ಕುಲಿ ಹಾಕಿ ಕೊಟ್ಬುಡಣ ಕಣ್ಲಾ."

ಚಕ್ಕುಲಿಗೆ ಏನಾಗಿತ್ತು? ಇವತ್ತಿಗೂ ಯಾರಾದರೂ ಚಕ್ಕುಲಿ ಮುರಿಯುವ ಸದ್ದು ಕೇಳಿದರೆ ನಾನು ಎದ್ದು ಆಚೆ ಹೋಗುತ್ತೇನೆ. ಆದರೆ ಅಂದು ನಾನು ಎದೆಯುಬ್ಬಿಸಿ, "ಬಿಸ್ಕತ್ತಿಗೆ ಬಿಸ್ಕತ್ತೇ ಕೊಡೋಣ. ನಮಗೂ ಬರುತ್ತೆ ಅಂತ ಸಿಸ್ಟರಿಗೆ ಗೊತ್ತಾಗ್ಲಿ" ಎಂದೆ.

"ನಮಗೆಲ್ರೀ ಬರುತ್ತೆ?" ಎಂದಳು ನನ್ನ ಹೆಂಡತಿ ವನಜಮ್ಮ.

"ಅದೇನ್ ಬ್ರಹ್ಮವಿದ್ಯೇನೇ?"

ಆ ಕಾಲಕ್ಕೆ ಬಿಸ್ಕತ್ತು ಸುಡುವ ಒಲೆ ಯಾರ ಮನೆಯಲ್ಲೂ ಇರಲಿಲ್ಲ. ಮೈದಾ, ಸಕ್ಕರೆ, ಬೆಣ್ಣೆ ನಾವೇ ಕಲಸಿ ತಟ್ಟೆಯಲ್ಲಿ ಜೋಡಿಸಿಕೊಂಡು ಹೋದರೆ, ಓಬಳಯ್ಯ ತಮ್ಮ ಬೇಕರಿಯಲ್ಲಿ ಬ್ರೆಡ್ಡು ಇಳಿಸಿದ ಮೇಲೆ ಉಳಿದ ಕಾವಿನಲ್ಲಿ ಬೇಯಿಸಿಕೊಡುತ್ತಿದ್ದರು. ಬೆಂದದ್ದನ್ನು ತುಂಬಲು ನಮ್ಮ ಡಬ್ಬ ನಾವೇ ಒಯ್ಯಬೇಕು. ಹಬ್ಬದ ಹಿಂದುಮುಂದು ಅಲ್ಲಿ ಡಬ್ಬಗಳ ಜಾತ್ರೆ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: 'ಹೆಸರಿಲ್ಲದ ಡಬ್ಬಕ್ಕೆ ನಾವು ಜವಾಬ್ದಾರರಲ್ಲ.' ಸಿಸ್ಟರ್ ಒಂದು ಚೀಟಿಯಲ್ಲಿ ಹೆಸರು ಬರೆದು ಅನ್ನದ ಅಗುಳಿನಿಂದ ಅಂಟಿಸುತ್ತಿದ್ದರಂತೆ. ಇದು ನನಗೆ ತಿಳಿದದ್ದು ಆಮೇಲೆ.

ನಾನು ಹುಟ್ಟಿದ ಮನೆಯಲ್ಲಿ ಪಾತ್ರೆ ಎಂದ ಮೇಲೆ ಅದಕ್ಕೊಂದು ಹೆಸರು ಹಾಕಿಸಲೇಬೇಕು. ತಂಬಿಗೆಯ ಮೇಲೆ, ಲೋಟದ ಮೇಲೆ, ನನ್ನ ತಾಯಿಯ ಎಲೆಯಡಿಕೆಯ ಸುಣ್ಣದ ಡಬ್ಬಿಯ ಮೇಲೂ ನಮ್ಮಪ್ಪನ ಹೆಸರಿದೆ. ಆದ್ದರಿಂದ ಗೋಡೆಯ ಬರಹ ಓದಿದೊಡನೆ ನಾನು ಯೋಚಿಸದೆ ಡಬ್ಬವನ್ನು ಗೆಳೆಯ ಅಡವಿಯಪ್ಪನಿಗೆ ಕೊಟ್ಟೆ. ಅಡವಿಯಪ್ಪ ಲಾರಿಗಳ ಹಿಂಭಾಗಕ್ಕೆ ಬಣ್ಣ ಬರೆಯುವವನು. "ಬಿಸ್ಕತ್ತಿನ ಡಬ್ಬ. ನನ್ ಹೆಸ್ರು ಹಾಕ್ಕೊಡಯ್ಯ, ದೂರದಿಂದ ಕಾಣೋ ಹಂಗೆ" ಎಂದೆ.

ಮಾರನೇ ದಿನ ಅವನು ಡಬ್ಬವನ್ನು ಕೂಸಿನಂತೆ ಎತ್ತಿಕೊಂಡು ಬಂದ. ಮುಚ್ಚಳದ ತುಂಬ ಕಡುಹಸಿರು ಬಣ್ಣ. ಅದರ ಮೇಲೆ ಹಳದಿ ಅಕ್ಷರ, ಅಕ್ಷರಕ್ಕೆ ಕೆಂಪು ನೆರಳು: 'ಎನ್. ಎಸ್. ಗಂಗಹನುಮಯ್ಯ ಬಿಸ್ಕತ್ತು, ತುಮಕೂರು.' ಎರಡು ಪಕ್ಕಕ್ಕೂ ತಾವರೆ. ಕೆಳಗೆ 'ಶುಭವಾಗಲಿ.'

"ಮನೆ ಎಲ್ಲಯ್ಯಾ?" ಎಂದೆ.

"ಯಾವ್ ಮನೆ?"

"ಮುಚ್ಚಳದ ಮೇಲಿತ್ತಲ್ಲಯ್ಯ! ಹಿಮ ಬಿದ್ದಿರೋ ಮನೆ!"

"ಓ, ಅದಾ? ಬಣ್ಣ ಎಲ್ಲಾ ಹೋಗಿ ಬರೀ ಬೆಳ್ಳಗಾಗಿತ್ತಲ್ಲೋ. ನೋಡಕ್ಕಾಗ್ದೆ ನಾನೇ ಎರಡು ಕೋಟ್ ಹೊಡ್ದೆ," ಎಂದ ಅಡವಿಯಪ್ಪ, ನಾನು ಕೃತಜ್ಞತೆ ಹೇಳಲು ಮರೆತಿದ್ದೇನೆ ಎಂಬ ಮುಖ ಮಾಡಿಕೊಂಡು. "ಅಲ್ದೆ ನಿನ್ ಹೆಸ್ರಿಗೆ ಜಾಗ ಬೇಡ್ವಾ? ನಿಮ್ಮಪ್ಪ ರಾಮು ಅಂತ ಇಟ್ಟಿದ್ರೆ ಮೂಲೇಲಿ ಬರ್ದು ಮುಗಿಸ್ತಿದ್ದೆ."

ಮಗಳು ಮುಚ್ಚಳ ನೋಡಿದಳು. "ಸಿಸ್ಟರಮ್ಮ ಎಲ್ಲೋದ್ರಪ್ಪ?" ಎಂದು ಒಂದು ಸಲ ಕೇಳಿ ಅಳಲು ಕೂತಳು.

"ಎಳೇ ಬಣ್ಣ ಮಗಾ, ಸೀಮೆಣ್ಣೆ ಹಾಕಿ ಉಜ್ಜಿದ್ರೆ ಹೋಗ್ತದೆ" ಎಂದು ಅಡವಿಯಪ್ಪ ಅಭಯ ಕೊಟ್ಟ. ಬೇಕರಿಯ ಕೆಲಸ ಮುಗಿಯಲಿ, ಆಮೇಲೆ ಉಜ್ಜಿದರಾಯಿತು ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಇಪ್ಪತ್ತನಾಲ್ಕರ ಬೆಳಿಗ್ಗೆ ರಜೆ ಹಾಕಿದೆ. ವಠಾರದ ಜಗುಲಿಯ ಮೇಲೆ ಬಿಸ್ಕತ್ತು ಕಾರ್ಯ ಆರಂಭವಾಯಿತು. ಅಮ್ಮ ಗುಬ್ಬಿ ಸಂತೆಯಿಂದ ತರಿಸಿದ ಬೆಣ್ಣೆಯನ್ನು ವನಜ ಸಕ್ಕರೆಗೆ ಹಾಕಿ ತೀಡಿದಳು. ಅಕ್ಕಪಕ್ಕದ ಮನೆಯ ಹೆಂಗಸರು ಸೇರಿದರು. ಒಬ್ಬರು ಮೈದಾ ಹೆಚ್ಚಾಯಿತು ಎಂದರು, ಇನ್ನೊಬ್ಬರು ಕಡಿಮೆಯಾಯಿತು ಎಂದರು. ಇಬ್ಬರ ಮಾತನ್ನೂ ಮೀರಬಾರದೆಂದು ವನಜ ಒಂದು ಹಿಡಿ ಹಾಕುವುದು, ಒಂದು ಹಿಡಿ ತೆಗೆಯುವುದು ಮಾಡಿದಳು. ಅಡವಿಯಪ್ಪ ಹಾರ್ಲಿಕ್ಸ್ ಶೀಸೆಯ ಮುಚ್ಚಳದಿಂದ ಗುಂಡಗೆ ಕತ್ತರಿಸಿದ. ಸಿಸ್ಟರ ಬಿಸ್ಕತ್ತಿನಲ್ಲಿ ನಕ್ಷತ್ರ ಇರುತ್ತದಲ್ಲ ಎಂದು ಅಮ್ಮ ಕೈಯಲ್ಲೇ ನಕ್ಷತ್ರ ತಿದ್ದಿದರು. ಅದು ಏಡಿಯಂತೆ ಕಂಡಿತು.

ಮಗಳು ಹಿಟ್ಟಿಗೆ ಬೆರಳು ಹಾಕಿದಾಗ ಅಮ್ಮ ಗುಡುಗಿದರು. "ಎಂಜಲು ಮಾಡಬ್ಯಾಡ ಕಣೇ! ಆ ಯಮ್ಮ ತಮ್ಮ ದೇವ್ರ ಮುಂದೆ ಇಡೋಗಂಟ ಯಾರೂ ಬಾಯಿಗಿಕ್ಕಂಗಿಲ್ಲ."

ಹೀಗೆ ನಾವು ಯಾರೂ ರುಚಿ ನೋಡದ ಒಂದು ಪದಾರ್ಥ ತಯಾರಾಯಿತು.

ಓಬಳಯ್ಯನ ಬೇಕರಿಯಲ್ಲಿ ಸರದಿ ಬಂತು, ಬೆಂದೂ ಆಯಿತು. ಡಬ್ಬ ತುಂಬಿ ಮುಚ್ಚಳ ಹಾಕಿದಾಗ ಇಡೀ ಸಾಲು ತಿರುಗಿ ನೋಡಿತು. ಚೀಟಿ ಅಂಟಿಸಿದ ಡಬ್ಬಗಳ ನಡುವೆ ನನ್ನದು ಮದುವೆ ಮಂಟಪದಂತೆ ಹೊಳೆಯುತ್ತಿತ್ತು. ಇಸ್ತ್ರಿ ಮಾಡಿದ ಷರಟಿನ ಒಬ್ಬರು ಹತ್ತಿರ ಬಂದು ಬಗ್ಗಿ ಓದಿದರು.

"ಗಂಗಹನುಮಯ್ಯ ಅಂದ್ರೆ ಯಾರು?"

"ನಾನೇ ಸಾರ್."

"ಬಿಸ್ಕತ್ತು ಕಂಪನಿ ನಿಮ್ದೇನಾ?"

ಹದಿನಾಲ್ಕು ವರ್ಷ ನಟ್ಟು ಎಣಿಸಿದ ಮನುಷ್ಯನನ್ನು ಹತ್ತು ಜನರ ಮುಂದೆ ಹೀಗೆ ಕೇಳಿದರೆ 'ಅಲ್ಲ' ಎಂಬ ಮಾತು ಅವನ ಗಂಟಲಿನಿಂದ ಸುಲಭವಾಗಿ ಹೊರಡುವುದಿಲ್ಲ.

"ಏನೋ ಹಿಂಗೇ ಸಾರ್, ಸಣ್ದಾಗಿ" ಎಂದೆ.

"ಎಷ್ಟು ಜನ ಕೆಲ್ಸಕ್ಕಿದಾರೆ?"

"ಮನೆಯವ್ರೇ ಸಾರ್. ಆಮೇಲೆ ವಠಾರದಲ್ಲಿ ಒಂದೈದಾರು ಜನ."

"ಭೇಷ್. ಮಾಲು ಎಲ್ಲಿಗೆ ಹೋಗುತ್ತೆ?"

"ಸದ್ಯಕ್ಕೆ ಕುಣಿಗಲ್ ಕಡೆಗೆ."

ಅವರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಪತ್ರಿಕೆಯವರಿರಬೇಕು ಎಂದು ನಾನು ಕಾಲರ್ ಸರಿಮಾಡಿಕೊಂಡೆ.

"ಲೈಸೆನ್ಸ್ ನಂಬರ್ ಹೇಳಿ" ಎಂದರು.

ಅವರು ಹೆಲ್ತ್ ಇನ್ಸ್‌ಪೆಕ್ಟರ್ ವೆಂಕಟಯ್ಯ.

"ಸಾರ್, ಇವ್ರು ಗುಮಾಸ್ತ್ರು. ಕಂಪನಿಗಿಂಪನಿ ಎಂಥದ್ದೂ ಇಲ್ಲ" ಎಂದು ಓಬಳಯ್ಯ ಒಳಗಿನಿಂದ ಓಡಿ ಬಂದರು.

"ಅವ್ರೇ ಬಾಯ್ಬಿಟ್ಟು ಹೇಳಿದಾರಲ್ರೀ. ಐದಾರು ಜನ ಆಳು, ಕುಣಿಗಲ್‌ಗೆ ಸಪ್ಲೈ. ಲೈಸೆನ್ಸ್ ಇಲ್ಲ. ಸ್ಯಾಂಪಲ್ ತಗೋಬೇಕಾಗುತ್ತೆ."

"ಬಿಸ್ಕತ್ತು ಬೇಕಾದ್ರೆ ತಗೊಳ್ಳಿ ಸಾರ್, ಡಬ್ಬ ಬಿಟ್ಬಿಡಿ" ಎಂದು ಕೈ ಮುಗಿದೆ. "ಡಬ್ಬ ನಂದಲ್ಲ."

ವೆಂಕಟಯ್ಯನವರು ಮುಚ್ಚಳ ನೋಡಿದರು, ನನ್ನ ಮುಖ ನೋಡಿದರು. "ಇಷ್ಟುದ್ದ ನಿಮ್ಮ ಹೆಸ್ರಿದ್ಯಲ್ರೀ!"

ಡಬ್ಬಕ್ಕೆ ದಾರ ಸುತ್ತಿ, ಅರಗಿನ ಮುದ್ರೆ ಒತ್ತಿ, ನನಗೊಂದು ರಸೀದಿ ಕೊಟ್ಟರು. ಆ ರಸೀದಿಯಲ್ಲಿ ಮಾತ್ರ ನನ್ನ ಹೆಸರು ಪೂರ್ತಿಯಾಗಿ, ಒಂದಕ್ಷರವೂ ಹೊರಗೆ ಚೆಲ್ಲದೆ ಹಿಡಿಸಿತು.

ನಾನು ಸೈಕಲ್ ತಳ್ಳಿಕೊಂಡು ಬರುವ ಮೊದಲೇ ಸುದ್ದಿ ವಠಾರ ಸೇರಿತ್ತು. ಸರ್ವಮಂಗಳಮ್ಮನವರು ಬಾಗಿಲಲ್ಲೇ ತಡೆದರು. "ನಂಗೊಂದ್ ಮಾತು ಹೇಳ್ದೆ ನನ್ ವಠಾರದಲ್ಲಿ ಫ್ಯಾಕ್ಟ್ರಿ ಇಟ್ಟಿದೀರಾ? ಅದ್ಕೇ ನೋಡಿ, ಎಷ್ಟು ಹೊತ್ತು ಬಿಟ್ರೂ ನಲ್ಲಿ ನೀರು ಯಾರಿಗೂ ಸಾಲ್ತಿಲ್ಲ!"

ಮಾರನೇ ದಿನ ಕ್ರಿಸ್‌ಮಸ್. ಬೆಳಿಗ್ಗೆಯೇ ಗುಬ್ಬಿಯಿಂದ ನನ್ನ ಸೋದರಮಾವ ರಂಗಯ್ಯ ಒಂದು ಗೊನೆ ಬಾಳೆಹಣ್ಣಿನೊಂದಿಗೆ ಇಳಿದರು. "ಕಂಪನಿ ಮಾಡಿದೀಯಂತೆ, ಒಂದ್ ಮಾತು ಹೇಳ್ಬಾರ್ದೇನ್ಲಾ? ಇರ್ಲಿ ಬುಡು. ನನ್ ಎರಡನೇ ಅಳಿಯ ಮನೇಲೇ ಕುಂತವ್ನೆ. ಅವ್ನಿಗೆ ಮ್ಯಾನೇಜರ್ ಕೆಲ್ಸ ಕೊಟ್ಬುಡು. ಲೆಕ್ಕ ಬರಲ್ಲ, ಜನಾನ ಬೈಯೋದು ಚೆನ್ನಾಗಿ ಬತ್ತದೆ."

"ಕಂಪನಿ ಇಲ್ಲ ಮಾವ."

"ನೋಡ್ದಾ ಸಿದ್ದಲಕ್ಷ್ಮಿ, ದೊಡ್ಡೋನಾದ ಮೇಲೆ ಹೆಂಗ್ ಮಾತಾಡ್ತಾನೆ!" ಎಂದು ಮಾವ ತಂಗಿಯ ಕಡೆ ತಿರುಗಿದರು. ಸಂಜೆ ಹೋಗುವಾಗ ಗೊನೆ ವಾಪಸ್ಸು ತೆಗೆದುಕೊಂಡು ಹೋದರು.

ಇಷ್ಟೆಲ್ಲದರ ನಡುವೆ ಸಿಸ್ಟರ್ ಚರ್ಚಿನಿಂದ ಬಂದರು. ಹೊಸ ಸೀರೆ ಉಟ್ಟಿದ್ದರು. "ಗಂಗೂ ಅಪ್ಪ, ಟ್ರಂಕಲ್ಲಿ ಡಬ್ಬದಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ತುಂಬಿದೀನಿ. ಕೊಟ್ರೆ ಬೀಗ ಹಾಕ್ಬಿಡ್ತೀನಿ" ಎಂದರು.

ಆಗ ನಿಜ ಹೇಳಬೇಕಿತ್ತು. ಅವರು ನಕ್ಕುಬಿಡುತ್ತಿದ್ದರು. ನನ್ನ ಜೊತೆ ಬಂದು ವೆಂಕಟಯ್ಯನವರ ಮನೆ ಬಾಗಿಲು ತಟ್ಟುತ್ತಿದ್ದರು. ಅವರ ಮನೆಯ ಹೆರಿಗೆಗಳನ್ನೂ ಇವರೇ ಮಾಡಿಸಿರಬಹುದು. ಆದರೆ ನಿಜ ಹೇಳಿದರೆ ಹಸಿರು ಬಣ್ಣದಿಂದ ಶುರುಮಾಡಬೇಕಲ್ಲ.

"ಬೇಕರೀಲಿದೆ ಸಿಸ್ಟರ್. ನಾಳೆ ಬೆಳಿಗ್ಗೆ ಬಿಸಿಬಿಸಿಯಾಗಿ ತಂದ್ಕೊಡ್ತೀನಿ" ಎಂದೆ.

ಅಮ್ಮ ನನ್ನ ಮುಖ ನೋಡಿ ಒಳಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಇನ್ಸ್‌ಪೆಕ್ಟರ ಮನೆಗೆ ಓಡಿದೆ. ಬೀಗ ಹಾಕಿತ್ತು. ಹೊಸ ವರ್ಷದವರೆಗೆ ಹೆಂಡತಿಯ ಊರಿನಲ್ಲಿರುತ್ತಾರಂತೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋದೆ. ಸಿಸ್ಟರ್ ಆಗಲೇ ಕುಣಿಗಲ್ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ಮಗಳು ಕೆಳಗೆ ನಿಂತು ಅವರ ಕೈ ಹಿಡಿದುಕೊಂಡಿದ್ದಳು. ನಾನು ಬರಿಗೈಯಲ್ಲಿ ಬಂದುದನ್ನು ಅವರು ದೂರದಿಂದಲೇ ಕಂಡರು.

"ಬೇಯಲಿಲ್ವಾ?" ಎಂದರು.

"ಇಲ್ಲ ಸಿಸ್ಟರ್. ಅರ್ಧಂಬರ್ಧ ಆಗಿದೆ."

"ಹೋಗ್ಲಿ ಬಿಡಿ. ಟ್ರಂಕಲ್ಲಿ ಜಾಗ ಹಂಗೇ ಬಿಟ್ರೆ ಲೋಟಗಳು ಉರುಳಾಡ್ತವೆ ಅಂತ ಟವೆಲ್ ತುರುಕಿದೀನಿ." ನಕ್ಕರು. "ಕುಣಿಗಲ್ ಏನ್ ದೂರಾನಾ? ನೀವೇ ತಂದ್ಕೊಡಿ. ಇವಳನ್ನೂ ಕರ್ಕೊಂಡ್ ಬನ್ನಿ. ಆ ನೆಪಕ್ಕಾದ್ರೂ ಬರ್ತೀರಿ."

ಡಬ್ಬ ನನ್ನ ಕೈಗೆ ಬಂದದ್ದು ಮಾರ್ಚ್ ತಿಂಗಳಲ್ಲಿ. ಒಳಗೆ ಏಡಿಯಾಕಾರದ ಎರಡು ಬಿಸ್ಕತ್ತು ಉಳಿದಿದ್ದವು. ಮಿಕ್ಕವು ಪರೀಕ್ಷೆಗೆ ಒಳಗಾಗಿದ್ದವು; ಕಚೇರಿಯ ಜವಾನ ಬಹಳ ಕಾಳಜಿಯಿಂದ, "ಇನ್ನೂ ಒಸಿ ಬೆಣ್ಣೆ ಬೀಳ್ಬೇಕಿತ್ತು ಸಾರ್" ಎಂದ. ಜೊತೆಗೊಂದು ವರದಿ: 'ಮನುಷ್ಯರು ತಿನ್ನಲು ಯೋಗ್ಯವಾಗಿದೆ.' ನನ್ನ ಜೀವಮಾನದಲ್ಲಿ ಸರ್ಕಾರದಿಂದ ಬಂದ ಒಂದೇ ಪ್ರಶಂಸೆ ಅದು.

ಅಂದು ಸಂಜೆಯೇ ಸೀಮೆಣ್ಣೆ ಹಾಕಿ ಉಜ್ಜಿದೆ. ಅಡವಿಯಪ್ಪನ ಬಣ್ಣ ಲಾರಿಗಳ ಮೇಲೆ ಹತ್ತು ಮಳೆಗಾಲ ಕಂಡ ಬಣ್ಣ. ಮೂರು ತಿಂಗಳಲ್ಲಿ ಕಲ್ಲಾಗಿ ಕೂತಿತ್ತು. ಒಂದು ಮೂಲೆಯಲ್ಲಿ ಬಲವಾಗಿ ಕೆರೆದೆ. ಹಸಿರಿನ ಜೊತೆ ಹಿಮವೂ ಎದ್ದು ಬಂತು, ಕೆಳಗಿನ ತಗಡು ಕಂಡಿತು. ಕೈ ಬಿಟ್ಟೆ.

ಆಮೇಲಿನ ಆರು ವರ್ಷಗಳಲ್ಲಿ ನಾನು ಕುಣಿಗಲ್ಲಿಗೆ ಹೋಗಲಿಲ್ಲ. ಹೋಗಬಾರದೆಂದಲ್ಲ. ಒಂದು ಡಿಸೆಂಬರಿನಲ್ಲಿ ಕಾರ್ಖಾನೆಯಲ್ಲಿ ಓವರ್‌ಟೈಮ್, ಒಂದರಲ್ಲಿ ಮಗಳಿಗೆ ಟೈಫಾಯ್ಡ್, ಇನ್ನೊಂದರಲ್ಲಿ ಅಮ್ಮ ತೀರಿಕೊಂಡರು. ಹೋಗುವುದಾದರೆ ಡಬ್ಬ ಒಯ್ಯಬೇಕು, ಡಬ್ಬ ಒಯ್ಯುವುದಾದರೆ ತುಂಬಿ ಒಯ್ಯಬೇಕು, ತುಂಬಿದರೂ ಮುಚ್ಚಳ ಇದೇ. ಗಂಟೆಗೊಂದು ಬಸ್ಸು ಇರುವ ಊರು ಅಮೆರಿಕಕ್ಕಿಂತ ದೂರವಾಗಬಲ್ಲದು ಎಂದು ನಾನು ಆಗ ಕಂಡುಕೊಂಡೆ.

ಎಂಬತ್ತೇಳರ ಕ್ರಿಸ್‌ಮಸ್ಸಿಗೆ ನಾಲ್ಕು ದಿನವಿರುವಾಗ ಮಗಳು ತಾನೇ ಅಟ್ಟದಿಂದ ಡಬ್ಬ ಇಳಿಸಿದಳು. ಅವಳಿಗೆ ಹದಿಮೂರು. "ಈ ಸಲ ನೀನು ಬರ್ದಿದ್ರೆ ನಾನೊಬ್ಳೇ ಬಸ್ ಹತ್ತುತೀನಿ" ಎಂದಳು. ವನಜ ಹಿಟ್ಟು ಕಲಸಿದಳು. ಮಗಳು ಅಜ್ಜಿಯಂತೆಯೇ ಕೈಯಲ್ಲಿ ನಕ್ಷತ್ರ ಮಾಡಿದಳು. ಅವೂ ಏಡಿಗಳೇ ಆದವು. ಓಬಳಯ್ಯ ಬೇಯಿಸಿಕೊಟ್ಟರು. ಈ ಬಾರಿಯೂ ನಾವು ರುಚಿ ನೋಡಲಿಲ್ಲ. ಬೇಡವೆನ್ನಲು ಅಮ್ಮ ಇರಲಿಲ್ಲ, ಆದರೂ ನೋಡಲಿಲ್ಲ.

ಕುಣಿಗಲ್ಲಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದದ್ದು ಸಿಸ್ಟರ ತಂಗಿಯ ಮಗಳು. ಗೋಡೆಯ ಮೇಲೆ ಸಿಸ್ಟರ ಫೋಟೋ, ಅದಕ್ಕೆ ಹೂವಿನ ಹಾರ.

"ಆಗಸ್ಟಲ್ಲಿ ಹೋಗ್ಬಿಟ್ರು" ಎಂದರು ಆಕೆ. "ಬನ್ನಿ, ಕೂತ್ಕೊಳ್ಳಿ. ದೊಡ್ಡಮ್ಮಂಗೆ ಹೆಂಗ್ ಪರಿಚಯ?"

"ತುಮಕೂರಲ್ಲಿ... ಅವ್ರಿದ್ದ ವಠಾರದಲ್ಲೇ ಇದ್ವಿ."

"ಹೌದಾ? ಹಂಗಾದ್ರೆ ನಿಮ್ಗೆ ಗಂಗೂ ಅಪ್ಪ ಗೊತ್ತಿರ್ಬೇಕಲ್ಲ?"

ನಾನು ಕುರ್ಚಿಯ ತುದಿಗೆ ಬಂದೆ. "ಗೊತ್ತು. ಸುಮಾರಾಗಿ ಗೊತ್ತು."

"ದೊಡ್ಡಮ್ಮಂದು ಒಂದು ಡಬ್ಬ ಇತ್ತಂತೆ ಅವ್ರ ಹತ್ರ. ಹಿಮ, ಮನೆ, ಕಿಟಕೀಲಿ ದೀಪ ಇರೋದು. ಆರು ವರ್ಷ ಆಯ್ತು. ಪ್ರತಿ ಸಲ ನ್ಯೂ ಇಯರ್ ಕಳೆದ್ರೂ ಅವ್ರು ಬರ್ದೇ ಇದ್ದಾಗ ನಾನು 'ನುಂಗಾಕಿದಾರೆ ಬಿಡಿ ದೊಡ್ಡಮ್ಮ' ಅಂತಿದ್ದೆ. ದೊಡ್ಡಮ್ಮ ನನ್ನೇ ಬೈಯೋರು. 'ಅವ್ರ ಮನೇಲಿ ಖಾಲಿ ಕೊಡೋ ಪದ್ಧತಿ ಇಲ್ಲ ಕಣೆ, ಅದ್ಕೇ ತಡ ಆಗ್ತಿದೆ' ಅನ್ನೋರು." ಆಕೆ ನನ್ನ ಮಗಳ ಕಡೆ ತಿರುಗಿದರು. "ನಿನ್ ಹೆಸ್ರೇನಮ್ಮ?"

ಮಗಳು ಬಾಯಿ ತೆರೆದಳು.

"ವನಜ" ಎಂದೆ ನಾನು. ಆ ಕ್ಷಣಕ್ಕೆ ನೆನಪಾದದ್ದು ಹೆಂಡತಿಯ ಹೆಸರೊಂದೇ.

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿ ಬಾಯಿ ಮುಚ್ಚಿ ನೆಲ ನೋಡಿದಳು.

ಮೇಜಿನ ಮೇಲಿದ್ದ ಡಬ್ಬವನ್ನು ಆಕೆ ಆಗ ಗಮನಿಸಿದರು. ಕಣ್ಣು ಕಿರಿದು ಮಾಡಿ ಓದಿದರು. "ಗಂಗಹನುಮಯ್ಯ ಬಿಸ್ಕತ್ತು. ನಿಮ್ಮದಾ? ಪಾಪ, ನೀವಾದ್ರೂ ನೆನಪಿಟ್ಕೊಂಡು ತಂದ್ರಿ." ಒಂದು ಬಿಸ್ಕತ್ತು ಫೋಟೋದ ಮುಂದೆ ಇಟ್ಟು ಡಬ್ಬ ಒಳಗೆ ಒಯ್ದರು. ಇನ್ನೇನು, ಅದು ತನ್ನ ಮನೆ ಸೇರಿತು. ಹೇಗೇ ಆಗಲಿ, ಸೇರಿತಲ್ಲ. ನಾನು ಕುರ್ಚಿಗೆ ಒರಗಿ ಕೂತೆ.

ಹೊರಡಲು ಎದ್ದಾಗ ಆಕೆ ಡಬ್ಬವನ್ನು ತಂದು ನನ್ನ ಕೈಯಲ್ಲಿಟ್ಟರು. ಭಾರವಾಗಿತ್ತು.

"ಇದು... ಇದು ಇಲ್ಲೇ ಇರ್ಲಿ" ಎಂದೆ.

"ಅಯ್ಯೋ, ಇಷ್ಟು ದೊಡ್ಡದಾಗಿ ನಿಮ್ಮ ಹೆಸ್ರು ಬರೆಸಿದೀರಿ. ನಾನು ಇಟ್ಕೊಂಡ್ರೆ ಆ ಗಂಗೂ ಅಪ್ಪಂಗೂ ನನಗೂ ಏನ್ ವ್ಯತ್ಯಾಸ? ಬೇಡಿ. ಖಾಲಿ ಕೊಡಬಾರ್ದು ಅಂತ ದೊಡ್ಡಮ್ಮ ನಮ್ಗೂ ಕಲ್ಸಿದಾರೆ. ಹಬ್ಬಕ್ಕೆ ಕರಿದ ಸಿಹಿ ಕಲ್‌ಕಲ್ ಹಾಕಿದೀನಿ. ಮಗೂಗೆ ಕೊಡಿ." ಮುಚ್ಚಳದ ಮೂಲೆಯನ್ನು ಬೆರಳಿನಿಂದ ಸವರಿದರು. "ಇಲ್ಲೊಂಚೂರು ಬಣ್ಣ ಎದ್ದೋಗಿದೆ. ಸರಿ ಮಾಡಿಸ್ಕೊಳ್ಳಿ."

ತುಮಕೂರಿನ ಬಸ್ಸಿನಲ್ಲಿ ಡಬ್ಬ ನನ್ನ ತೊಡೆಯ ಮೇಲಿತ್ತು. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಎರಡು ಸಲ ಮಾತಾಡಿಸಿದೆ. ಎರಡು ಸಲವೂ ಅವಳಿಗೆ ಕೇಳಿಸಲಿಲ್ಲ. ಪಕ್ಕದ ಸೀಟಿನಲ್ಲಿದ್ದ ವಯಸ್ಸಾದವರೊಬ್ಬರು ಬಹಳ ಹೊತ್ತು ಮುಚ್ಚಳವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸಿದರು.

"ಬಿಸ್ಕತ್ತು ಕಂಪನಿ ನಿಮ್ದೇನಾ ಸ್ವಾಮಿ?"

"ಅಲ್ಲ" ಎಂದೆ. ಈ ಸಲ ಗಂಟಲಿನಿಂದ ಸುಲಭವಾಗಿ ಬಂತು. "ಡಬ್ಬಾನೂ ನಮ್ದಲ್ಲ."

ಅವರು ನನ್ನನ್ನೊಮ್ಮೆ ನೋಡಿ, ತಮ್ಮ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.